ಮೇಣ ತೆಗೆಯುವ ರಂಗಲಕ್ಷ್ಮಮ್ಮ

ಗುಬ್ಬಿಯ ಕಾಳಯ್ಯ ಬದುಕಿರುವುದರಿಂದ ಊರಿಗೆ ಯಾವ ಉಪಕಾರವೂ ಇಲ್ಲ. ಬೆಳಗಾದರೆ ಬಸ್‌ಸ್ಟ್ಯಾಂಡಿನ ಕಟ್ಟೆ, ಸಂಜೆಯಾದರೆ ಬಾರಿನ ಬಾಗಿಲು, ನಡುವೆ ಹೆಂಡತಿ ತಿರುವಿಟ್ಟ ಮುದ್ದೆ. ಇಷ್ಟೇ ಆ ಮಹಾನುಭಾವನ ದಿನಚರಿ. ಅವನ ಹೆಂಡತಿ ರಂಗಲಕ್ಷ್ಮಮ್ಮನಿಗೆ ಮಾತ್ರ ಅವನಿಂದ ಒಂದು ಲಾಭವಿತ್ತು. ಗಂಡನೆಂಬವನು ಉಸಿರಾಡಿಕೊಂಡಿದ್ದಾನೆ, ಆದ್ದರಿಂದ ಅವಳು ಮುತ್ತೈದೆ. ಮುತ್ತೈದೆಯಾದ್ದರಿಂದ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಆರತಿ ತಟ್ಟೆ ಹಿಡಿಯಬಹುದು. ಗಂಡ ಸತ್ತವಳ ಕೈಗೆ ತಟ್ಟೆ ಕೊಡದ ನಮ್ಮ ಜನ, ಗಂಡ ಇದ್ದೂ ಸತ್ತಂತಿರುವವಳ ಕೈಗೆ ಧಾರಾಳವಾಗಿ ಕೊಡುತ್ತಾರೆ. ಇದು ಯಾವ ನ್ಯಾಯವೋ ಆ ದೇವರೇ ಬಲ್ಲ.

ಆದರೆ ಆರತಿಯ ಮಾತು ಬಂದರೆ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಬತ್ತಿ ಹೊಸೆದರೆ ಒಂದೇ ಹದ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ನೀರು ದಾಸವಾಳದಷ್ಟು ಕೆಂಪು. ತಟ್ಟೆ ಹಿಡಿದು ಹಾಡುತ್ತಾ ನಡೆದರೆ ಫ್ಯಾನಿನ ಗಾಳಿಗೂ ಜ್ವಾಲೆ ಅಲುಗುತ್ತಿರಲಿಲ್ಲ. 'ರಂಗಕ್ಕ ಬಂದ್ಲಾ? ಇನ್ನೂ ಇಲ್ವಾ? ಹಂಗಾರೆ ವಸಿ ತಡೀರಿ' ಎಂದು ಮುಹೂರ್ತ ಮೀರುತ್ತಿದ್ದರೂ ಜನ ಕಾಯುತ್ತಿದ್ದರು. ಉಳಿದ ದಿನಗಳಲ್ಲಿ ಅವಳು ಕುಡುಕನ ಹೆಂಡತಿ, ಮಕ್ಕಳಿಲ್ಲದವಳು, ತುಮಕೂರಿನ ಯಾವುದೋ ಪಾರ್ಲರಿನಲ್ಲಿ ಕಸ ಗುಡಿಸುವವಳು. ತಟ್ಟೆ ಕೈಗೆ ಬಂದಾಗ ಮಾತ್ರ ಜನ ಅವಳಿಗೆ ದಾರಿ ಬಿಡುತ್ತಿದ್ದರು. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಆ ದಾರಿಗಾಗಿಯೇ ಅವಳು ಬದುಕಿದ್ದಳು ಎಂದರೆ ಸುಳ್ಳಾಗದು.

ಈ ವರ್ಷ ಅವಳ ಕಣ್ಣೆಲ್ಲ ಒಂದೇ ಮದುವೆಯ ಮೇಲಿತ್ತು. ಚೇಳೂರಿನ ತಮ್ಮ ಭೀಮರಾಜನ ಮಗಳು ಗಂಗಶ್ರೀ ಗುಬ್ಬಿಯ ಕಾಲೇಜಿಗೆ ಸೇರಿದಾಗ ಇವಳ ಮನೆಯಲ್ಲೇ ಇದ್ದು ಓದಿದವಳು. ಇವಳ ಮಗ್ಗುಲಲ್ಲೇ ಮಲಗಿ, ಇವಳ ಕೈಯಲ್ಲೇ ತಲೆ ಬಾಚಿಸಿಕೊಂಡ ಹುಡುಗಿ. ಕುಣಿಗಲ್ಲಿನ ಗಂಡು ಗೊತ್ತಾಯಿತು. ಧನುರ್ಮಾಸ ಹಿಡಿಯುವುದರೊಳಗೆ ಅಲ್ಲೇ ಛತ್ರದಲ್ಲಿ ಮದುವೆ. ನಿಶ್ಚಿತಾರ್ಥದ ದಿನವೇ ಭೀಮರಾಜ ಎಲ್ಲರೆದುರಿಗೆ ಹೇಳಿದ್ದ: "ಧಾರೆ ಆದೇಟ್ಗೆ ಮೊದ್ಲ ಆರತಿ ನಿಂದೇ ಕಣಕ್ಕ. ನೀನೇ ಅವ್ಳಿಗೆ ತಾಯಿ ಇದ್ದಂಗೆ." ಅವತ್ತು ರಂಗಲಕ್ಷ್ಮಮ್ಮ ಗುಬ್ಬಿಯವರೆಗೆ ಬಸ್ಸಿನಲ್ಲಿ ಕಣ್ಣೊರೆಸಿಕೊಂಡೇ ಬಂದಳು.

ಈಗ ಪಾರ್ಲರಿನ ವಿಷಯ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಕೃತಿಕಾ ಎಂಬಾಕೆ ನಡೆಸುವ ಪಾರ್ಲರು. ಕೃತಿಕಾಗೆ ಕೂದಲು ಕತ್ತರಿಸುವುದಕ್ಕಿಂತ ರೀಲ್ಸ್ ಮಾಡುವುದರಲ್ಲೇ ಆಸಕ್ತಿ ಹೆಚ್ಚು. ಒಳಗೆ ಘಮಘಮ ಎನ್ನಲಿ ಎಂದು ಪ್ರತಿ ರೂಮಿಗೂ ಒಂದೊಂದು ಪಿಂಗಾಣಿ ಬರ್ನರ್ ತಂದಿಟ್ಟಿದ್ದಳು. ಪುಟ್ಟ ಗುಡಿಯಂಥ ಆಕಾರ; ಹೊಟ್ಟೆಯಲ್ಲಿ ಒಂದು ಸಣ್ಣ ಮೇಣದ ದೀಪ, ತಲೆಯ ಮೇಲೊಂದು ಬಟ್ಟಲು, ಬಟ್ಟಲಲ್ಲಿ ಪರಿಮಳದ ಮೇಣದ ತುಂಡು. ಕೆಳಗಿನ ಬಿಸಿಗೆ ಮೇಲಿನ ಮೇಣ ಕರಗಿ ವಾಸನೆ ಬಿಡುತ್ತದೆ. ಕೆಲವು ದಿನಕ್ಕೆ ವಾಸನೆ ಸತ್ತುಹೋಗುತ್ತದೆ, ಮೇಣ ಮಾತ್ರ ಹಾಗೇ ಉಳಿಯುತ್ತದೆ. ಆ ಸತ್ತ ಮೇಣವನ್ನು ತೆಗೆದು ಹೊಸದು ಹಾಕುವುದು ರಂಗಲಕ್ಷ್ಮಮ್ಮನ ಕೆಲಸಗಳಲ್ಲೊಂದು.

ಹೇಗೆ ತೆಗೆಯಬೇಕೆಂದು ಕೃತಿಕಾ ಮೊದಲ ದಿನವೇ ಹೇಳಿಕೊಟ್ಟಿದ್ದಳು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. "ಫಸ್ಟು ದೀಪ ಆರಿಸ್ಬೇಕು ರಂಗಮ್ಮ. ಉಫ್ ಅಂತ ಊದ್ಬಿಡಿ. ಆಮೇಲೆ ಪೂರ್ತಿ ತಣ್ಣಗಾಗೋವರ್ಗೂ ಮುಟ್ಬೇಡಿ. ಕರಗಿದ್ದಾಗ ಬಟ್ಲು ಎತ್ಲೇಬೇಡಿ. ನೀರು ಹಾಕ್ಬೇಡಿ, ಚಾಕೂಲಿ ಕೆರೀಬೇಡಿ, ಸಿಂಕಿಗೆ ಸುರೀಬೇಡಿ. ಗೊತ್ತಾಯ್ತಾ?"

ಎಲ್ಲವೂ ಗೊತ್ತಾಯಿತು, ಒಂದನ್ನು ಬಿಟ್ಟು. ದೀಪವನ್ನು ಬಾಯಿಂದ ಊದುವುದೇ? ಎಂಜಲು ಗಾಳಿ ತಾಕಿಸಿ ದೀಪ ಕಳೆಯುವುದೇ? ಅವಳು 'ದೀಪ ಆರಿಸು' ಎಂಬ ಮಾತನ್ನೇ ನಾಲಗೆಯ ಮೇಲೆ ತಂದವಳಲ್ಲ. ಅವಳ ಬಾಯಲ್ಲಿ ಅದು 'ದೀಪ ಶಾಂತ ಮಾಡು.' ಹೂವಿನ ಎಸಳನ್ನು ಹಾಲಿಗೆ ಅದ್ದಿ ಬತ್ತಿಗೆ ಮುಟ್ಟಿಸಿದರೆ ದೀಪ ತಾನಾಗಿ ಶಾಂತವಾಗುತ್ತದೆ, ಅವಳ ಅವ್ವ ಕಲಿಸಿದ್ದು ಅದು. ಪಾರ್ಲರಿನಲ್ಲೂ ಅವಳು ಹಾಗೇ ಮಾಡುತ್ತಿದ್ದಳು. ಕಾಫಿಗೆ ತಂದ ಹಾಲಿನಲ್ಲಿ ಒಂದು ಎಸಳು ಅದ್ದಿ ಮುಟ್ಟಿಸಿದರೆ, ಚುಂಯ್ ಎಂದು ಮುಗಿಯುತ್ತಿತ್ತು. ಅಲ್ಲಿ ಕೆಲಸ ಮಾಡುವ ನಿಶಾತ್ ಎಂಬ ಹುಡುಗಿ ಒಮ್ಮೆ ನೋಡಿ ಗಾಬರಿಯಾದಳು.

"ಅಯ್ಯೋ ಅಮ್ಮಾ, ನೀರು ಹಾಕ್ಬೇಡಿ ಅಂದಿಲ್ವಾ ಮೇಡಮ್ಮು?"

"ನೀರೆಲ್ಲಿ ಹಾಕ್ದೆ? ಇದು ಹಾಲು ಕಣವ್ವಾ."

ನಿಶಾತ್ ನಕ್ಕು ತನ್ನ ಕೆಲಸಕ್ಕೆ ಹೋದಳು. ಒಂದೇ ಎಸಳು, ಒಂದೇ ಹನಿ, ಏನೂ ಆಗುತ್ತಿರಲಿಲ್ಲ. ಏನೂ ಆಗದೇ ಇದ್ದುದೇ ಕೇಡಾಯಿತು.

ದೀಪಾವಳಿಗೆ ಮುಂಚೆ ಕೃತಿಕಾ ಬರ್ನರಿನ ಮೇಲೊಂದು ರೀಲು ಮಾಡಲು ಕೂತಳು. ಗುಲಾಬಿ ಮೇಣ ಹಾಕಿದ್ದಾಯಿತು. ಅದು ಕರಗುವುದು ನಿಧಾನವಾಯಿತೆಂದು ಆಕೆಗೆ ಅವಸರ. ಒಂದು ದೀಪ ಇಡುವ ಹೊಟ್ಟೆಯಲ್ಲಿ ಎರಡು ದೀಪ ತುರುಕಿದಳು. ಅದನ್ನು ತುರುಕಿದವಳು ಕೃತಿಕಾ, ರಂಗಲಕ್ಷ್ಮಮ್ಮನಲ್ಲ. ಈ ಮಾತನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಮುಂದೆ ಎಲ್ಲರೂ ಮರೆತರು. ಎರಡು ದೀಪದ ಕಾವಿಗೆ ಮೇಲಿನ ಮೇಣ ಕುದಿಯತೊಡಗಿತು, ಕೆಳಗಿನ ದೀಪಗಳ ಮೇಣವೂ ನೀರಾಗಿ ಹೊಗೆಯಾಡಿತು. ಸ್ಟ್ಯಾಂಡಿನ ಮೇಲಿನ ಫೋನು ಎಲ್ಲವನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು.

"ಸಾಕು ಸಾಕು, ಸ್ಮೋಕ್ ಬರ್ತಿದೆ. ರಂಗಮ್ಮ, ಬೇಗ ಆಫ್ ಮಾಡಿ ಬನ್ನಿ!"

ಎಸಳು ಕೀಳಲು ವ್ಯವಧಾನವಿರಲಿಲ್ಲ. ರಂಗಲಕ್ಷ್ಮಮ್ಮ ಕೈಗೆ ಸಿಕ್ಕಿದ ಇಡೀ ಸೇವಂತಿಗೆ ಹೂವನ್ನೇ ಹಾಲಿಗೆ ಅದ್ದಿ, ತೊಟ್ಟಿಕ್ಕುತ್ತಿರುವಂತೆಯೇ ಆ ಹೊಟ್ಟೆಯೊಳಗೆ ಒತ್ತಿದಳು. ಕುದಿಯುವ ಮೇಣಕ್ಕೆ ಹಾಲು ಬಿದ್ದದ್ದೇ ಭುಗ್ಗೆಂದು ಆಳೆತ್ತರ ಬೆಂಕಿ ಎದ್ದಿತು. ಅವಳು ಅವ್ವಾ ಎಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡಾಗ ತಾಕಿ ಬಟ್ಟಲು ಮಗುಚಿ ಕುದಿಯುವ ಗುಲಾಬಿ ಮೇಣ ಬಲಗೈಯ ಮೇಲೆಲ್ಲ ಹರಿಯಿತು. ಸೆರಗಿನ ಅಂಚು ಸುಟ್ಟಿತು, ಹುಬ್ಬು ಸುಟ್ಟಿತು. ನಿಶಾತ್ ಓಡಿಬಂದು ಸ್ಟೀಲ್ ಬೇಸಿನ್ನೊಂದನ್ನು ಎಳೆದು ಬೆಂಕಿಯ ಮೇಲೆ ಕವುಚಿದಳು, ಇವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಕೃತಿಕಾ ಗಾಬರಿಯಾಗಿ ಅತ್ತಳು, ತಾನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು, ಸಾರಿ ಸಾರಿ ಎಂದು ದಾರಿಯುದ್ದಕ್ಕೂ ಹೇಳಿದಳು. ಆ ಅಳು ಸುಳ್ಳೆಂದು ಹೇಳಲಾರೆ. ಆದರೆ ಅತ್ತ ಕಣ್ಣು ಆರುವುದರೊಳಗೆ ಆಕೆ ಆ ರೀಲನ್ನು ಹಾಕಿಯೂ ಬಿಟ್ಟಳು.

'ನಿಮ್ಮನೇಲೂ ಹೀಗೇ ಮಾಡ್ತೀರಾ? ಎಚ್ಚರ!' ಎಂಬ ತಲೆಬರಹ. ಎರಡು ದೀಪ ತುರುಕಿದ ಭಾಗ ಕತ್ತರಿಸಿ ಹೋಗಿತ್ತು. ಉಳಿದದ್ದು ಇಷ್ಟೇ: ಕುಂಕುಮದ ಹೆಂಗಸೊಬ್ಬಳು ಭಕ್ತಿಯಿಂದ ಹೂವು ಹಿಡಿದು ಬರುತ್ತಾಳೆ, ಭುಗ್, ಅವ್ವಾ! ಅದೇ ಭುಗ್ ಮೂರು ಸಲ, ಒಂದು ಸಲ ನಿಧಾನವಾಗಿ, ಹಿಂದೆ ಡೋಲಿನ ಸದ್ದು. ಲಕ್ಷಗಟ್ಟಲೆ ಜನ ನೋಡಿದರು. ನೋಡಿ ನಕ್ಕರು. ಎಚ್ಚರವಾದವರು ಎಷ್ಟು ಮಂದಿಯೋ ಕಾಣೆ.

ಗುಬ್ಬಿಯಲ್ಲಿ ಮೊದಲು ತೋರಿಸಿದವನು ಯಾರು ಅಂದುಕೊಂಡಿರಿ? ಕಾಳಯ್ಯ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಂಡವರ ಫೋನು ಇಸಿದುಕೊಂಡು, "ನೋಡ್ಲಾ, ನಮ್ಮನೇವ್ಳು ಕಣ್ಲಾ, ಇಡೀ ಕರ್ನಾಟಕ ನೋಡ್ತಾ ಐತೆ" ಎಂದು ಮೆರೆಯುತ್ತಿದ್ದ. ಮೂವತ್ತು ವರ್ಷದಲ್ಲಿ ಹೆಂಡತಿಯ ಬಗ್ಗೆ ಅವನು ಹೆಮ್ಮೆಪಟ್ಟದ್ದು ಆ ಒಂದು ಸಲ. ರಂಗಲಕ್ಷ್ಮಮ್ಮ ಬ್ಯಾಂಡೇಜಿನ ಕೈಯಲ್ಲಿ ಮುದ್ದೆ ತಿರುವಲಾರದೆ ಅನ್ನಕ್ಕಿಟ್ಟು, ಅವನ ತಟ್ಟೆಗೆ ಬಡಿಸಿ, ಹಿತ್ತಲಿಗೆ ಹೋಗಿ ಅತ್ತಳು.

ಮರುದಿನ ಅವಳು ಕೃತಿಕಾಗೆ ಫೋನು ಮಾಡಿದಳು. "ಅದ್ನ ತೆಗ್ದಾಕ್ಬುಡಿ ಮೇಡಂ, ನಿಮ್ ದಮ್ಮಯ್ಯ. ಮನೇಲಿ ಮದ್ವೆ ಐತೆ."

"ಅಯ್ಯೋ ರಂಗಮ್ಮ, ಜಾಗೃತಿಗೋಸ್ಕರ ಅಲ್ವಾ ಹಾಕಿರೋದು? ನಿಮ್ಮಿಂದ ಎಷ್ಟು ಜನ ಕಲೀತಿದಾರೆ ಗೊತ್ತಾ? ಈಗ ತೆಗೆದ್ರೂ ಪ್ರಯೋಜನ ಇಲ್ಲ, ಎಲ್ರೂ ಡೌನ್‌ಲೋಡ್ ಮಾಡ್ಕೊಂಡಾಗಿದೆ."

ಕೊನೆಯ ಮಾತು ನಿಜವೇ ಆಗಿತ್ತು. ಆ ವಾರವೇ ಭೀಮರಾಜ ಚೇಳೂರಿನಿಂದ ಬಂದ. ಹಣ್ಣು ತಂದಿದ್ದ, ಹಾರ್ಲಿಕ್ಸ್ ತಂದಿದ್ದ. ಕೈ ನೋಡಿದ, ಛೆ ಎಂದ, ಮಳೆ ಬೆಳೆ ಮಾತಾಡಿದ. ಅವನು ಎದ್ದು ಚಪ್ಪಲಿ ಮೆಟ್ಟುವಾಗ ವಿಷಯ ಹೊರಬಂತು.

"ಅಕ್ಕಾ, ಬ್ಯಾಸ್ರ ಮಾಡ್ಕಬ್ಯಾಡ. ಗಂಡಿನ ಅಜ್ಜಿ ವಸಿ ಹಳೇ ಕಾಲ್ದೋರು. ಆ ವಿಡಿಯೋ ನೋಡವ್ರೆ. ದೀಪ ಶಾಂತ ಮಾಡಾಕೋದ್ರೆ ಬೆಂಕಿಯಾಗಿ ಎದ್ದೈತೆ, ಅಂಥ ಕೈಯಿಂದ ಹೊಸ ಜೋಡಿಗೆ ಆರತಿ ಬ್ಯಾಡ ಅಂದ್ರಂತೆ. ಮಹಾಲಕ್ಷ್ಮಮ್ಮೋರ ಕೈಲಿ ಎತ್ತುಸ್ತೀವಿ. ನೀನು ಆರಾಮಾಗಿ ಕೂತ್ಕಂಡು ಊಟ ಮಾಡು. ಹೆಂಗೂ ಕೈ ನೋವೈತಲ್ಲ."

"ಕೈ ವಾಸಿಯಾಯ್ತದೆ ಕಣೋ, ಅಷ್ಟೊತ್ಗೆ."

"ಅದ್ಕಲ್ಲಕ್ಕ..." ಎಂದು ಅವನು ನೆಲ ನೋಡಿದ. ಮಹಾಲಕ್ಷ್ಮಮ್ಮ ಚೇಳೂರಿನಲ್ಲಿ ಭೀಮರಾಜನ ಪಕ್ಕದ ಮನೆಯಾಕೆ. ಹಾಡು ಬರದು, ಬತ್ತಿ ಹೊಸೆಯಲು ಬರದು, ಅಂಗಡಿಯ ಬತ್ತಿ ತಂದು ಹಚ್ಚುವವಳು.

"ಗಂಗೂ ಏನಂದ್ಲು?" ಎಂದು ಕೇಳಿದಳು ರಂಗಲಕ್ಷ್ಮಮ್ಮ.

"ಅವ್ಳೇನಂತಾಳೆ ಬುಡು, ಮಗು ಅದು" ಎಂದು ಭೀಮರಾಜ ಬಸ್ಸಿಗೆ ತಡವಾಯಿತೆಂದು ಹೊರಟುಬಿಟ್ಟ.

ಇನ್ನೊಬ್ಬಳಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದಳು. ರಂಗಲಕ್ಷ್ಮಮ್ಮನಿಗೆ ಒಂದು ಹಟ ಹಿಡಿಯಿತು. ಜನ ನೋಡಿ ಕೆಟ್ಟ ಮಾತಾಡಿದ್ದಾರೆ, ಜನ ನೋಡಿಯೇ ಅದನ್ನು ನುಂಗಬೇಕು. ಬ್ಯಾಂಡೇಜು ಬಿಚ್ಚಿದ ದಿನ ಪಾರ್ಲರಿಗೆ ಹೋದವಳೇ ಕೃತಿಕಾಳ ಎದುರು ನಿಂತಳು. "ಇನ್ನೊಂದು ರೀಲು ಮಾಡಿ ಮೇಡಂ. ಮೇಣ ಹೆಂಗೆ ತೆಗೀಬೇಕು ಅಂತ ಸರಿಯಾಗಿ ನಾನೇ ಮಾಡಿ ತೋರುಸ್ತೀನಿ. ನನ್ ಮುಖ ಕಾಣ್ಬೇಕು." ಕೃತಿಕಾಳ ಕಣ್ಣು ಅರಳಿತು. ಪಾರ್ಟ್ ಟೂ ಎಂದಳು.

ಆ ದಿನ ರಂಗಲಕ್ಷ್ಮಮ್ಮ ಮದುವೆಗೆಂದು ತೆಗೆದಿಟ್ಟ ಸೀರೆಯನ್ನೇ ಉಟ್ಟು ಬಂದಿದ್ದಳು. ಬರ್ನರಿನಲ್ಲಿ ಒಂದೇ ದೀಪ ಇಟ್ಟಳು. ಊದಲಿಲ್ಲ, ಹೂವು ಹಾಲು ಏನೂ ಇಲ್ಲ. ನಿಶಾತ್ ಹೇಳಿಕೊಟ್ಟಂತೆ ಉದ್ದ ಹಿಡಿಯ ಸಣ್ಣ ಸ್ಟೀಲ್ ಮುಚ್ಚಳವನ್ನು ದೀಪದ ಮೇಲೆ ಕವುಚಿದಳು. ಗಾಳಿ ಸಿಗದೆ ದೀಪ ತಾನಾಗಿ ಶಾಂತವಾಯಿತು. ಇಷ್ಟು ಸುಲಭವಿತ್ತಲ್ಲ ಎಂದುಕೊಂಡಳು. ಆಮೇಲೆ ಕೈಕಟ್ಟಿ ಕೂತಳು. ಮೇಣ ಗಟ್ಟಿಯಾಗಿ ಬಟ್ಟಲಿನ ತಳ ಪೂರ್ತಿ ತಣ್ಣಗಾದ ಮೇಲೆ ಎತ್ತಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟಳು. ಹೊರತೆಗೆದು ಒಂದು ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಮೇಣ ಟಕ್ಕೆಂದು ಬಿಟ್ಟುಕೊಂಡು ಇಡಿಯಾಗಿ ಅಂಗೈಗೆ ಬಂತು. ಉಳಿದ ಜಿಡ್ಡನ್ನು ಹತ್ತಿಯಲ್ಲಿ ಒರೆಸಿದಳು. ಮೇಣವನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, "ಸಿಂಕಿಗೆ ಹಾಕ್ಬ್ಯಾಡಿ, ಪೈಪು ಕಟ್ಕತದೆ" ಎಂದು ಕ್ಯಾಮೆರಾ ನೋಡಿ ಹೇಳಿದಳು. ನಿಶಾತ್ ಚಪ್ಪಾಳೆ ತಟ್ಟಿದಳು.

ಆ ರೀಲನ್ನು ಯಾರೂ ನೋಡಲಿಲ್ಲ. ಯಾರೂ ಎಂದರೆ ನಿಶಾತಳ ಮನೆಯವರು, ಪಾರ್ಲರಿನ ಖಾಯಂ ಗಿರಾಕಿಗಳು, ಅಷ್ಟೇ. ರಂಗಲಕ್ಷ್ಮಮ್ಮ ಚೇಳೂರಿಗೆ ಫೋನು ಮಾಡಿ ತಮ್ಮನ ಹೆಂಡತಿ ನರಸಮ್ಮನನ್ನು ಕೇಳಿದಳು. "ಇನ್ನೊಂದು ಬಂದೈತಲ್ಲ ನಂದು, ನೋಡಿದ್ರಾ? ಗಂಡಿನ ಕಡೇರ್ಗೂ ಕಳುಸ್ರಿ."

"ಯಾವ್ದು ಅತ್ಗೆ? ಬೆಂಕಿ ಹತ್ಕಳಾದಾ? ಅದ್ನ ಅವ್ರೇ ನಮ್ಗೆ ಕಳ್ಸಿದ್ದು" ಎಂದಳು ನರಸಮ್ಮ.

ಕೃತಿಕಾ ಮಾತ್ರ ಮುಖ ಸಣ್ಣ ಮಾಡಿ, "ಒಳ್ಳೇದಕ್ಕೆ ಕಾಲ ಇಲ್ಲ ರಂಗಮ್ಮ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಮೊದಲನೇದರ ಥರಾನೇ ಇನ್ನೊಂದು, ಸೇಫಾಗಿ, ಗ್ಲೌಸ್ ಹಾಕ್ಕೊಂಡು ಮಾಡೋಣ್ವಾ?" ಎಂದು ಕೇಳಿದಳು. ರಂಗಲಕ್ಷ್ಮಮ್ಮ ಪೊರಕೆ ತೆಗೆದುಕೊಂಡು ಒಳಗೆ ಹೋದಳು.

ಮದುವೆಯ ದಿನ ಕುಣಿಗಲ್ಲಿನ ಛತ್ರ ತುಂಬಿ ತುಳುಕುತ್ತಿತ್ತು. ಕೆರೆ ಕಡೆಯಿಂದ ಬೀಸುವ ಗಾಳಿಗೆ ಚಪ್ಪರದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಾಳಯ್ಯ ಬಂದವನೇ ಊಟದ ಹಾಲಿಗೆ ನಡೆದ. ರಂಗಲಕ್ಷ್ಮಮ್ಮ ಹೆಂಗಸರ ಸಾಲಿನಲ್ಲಿ ಹಿಂದೆ ಕೂತು, ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಧಾರೆಯಾಯಿತು. ಮಹಾಲಕ್ಷ್ಮಮ್ಮ ತಟ್ಟೆ ಹಿಡಿದು ಹೊರಟಳು. ಗಾಳಿಗೆ ಒಂದು ಬತ್ತಿ ಆರಿತು, ಇನ್ನೊಂದನ್ನು ಹಚ್ಚಿಕೊಂಡಳು. ಹಾಡು ಬರದ್ದರಿಂದ ಸ್ಪೀಕರಿನಲ್ಲಿ ಯಾವುದೋ ಹಾಡು ಹಾಕಿದರು. ಬತ್ತಿ ಆರಿದ್ದು ಗಂಡಿನ ಅಜ್ಜಿಗೆ ಕಾಣಲಿಲ್ಲವೇ? ಕಂಡಿರಬೇಕು, ಕಾಣಲಿಲ್ಲ ಎನ್ನುವುದೇ ಅವರಿಗೆ ಅನುಕೂಲ. ರಂಗಲಕ್ಷ್ಮಮ್ಮ ತಲೆ ತಗ್ಗಿಸಿ ತನ್ನ ಹಾಡನ್ನು ಬಾಯೊಳಗೇ ಹೇಳಿಕೊಂಡಳು.

ಅಷ್ಟರಲ್ಲಿ ಮಂಟಪದ ಬಳಿ ಗದ್ದಲವೆದ್ದಿತು. ಗಂಡಿನ ಗೆಳೆಯರ ಗುಂಪು ಇವಳತ್ತ ಕೈ ತೋರುತ್ತಿತ್ತು. ಒಬ್ಬ ಮದುಮಗನ ಕಿವಿಯಲ್ಲಿ ಏನೋ ಹೇಳಿದ, ಮದುಮಗ ಗಂಗಶ್ರೀಯನ್ನು ಕೇಳಿದ, ಗಂಗಶ್ರೀ ತಲೆಯಾಡಿಸಿದಳು. ಅಜ್ಜಿ ಏನೋ ಗೊಣಗಿದರೆ ಹುಡುಗರೆಲ್ಲ ಸೇರಿ ಅವರ ಬಾಯಿ ಮುಚ್ಚಿಸಿದರು. ಭೀಮರಾಜ ಓಡೋಡಿ ಬಂದ, ಬೆವೆತುಹೋಗಿದ್ದ.

"ಅಕ್ಕಾ, ಎದ್ದೇಳು, ಬಾ ಬಿರ್ರನೆ. ಅಳೀಮಯ್ಯನೇ ಕೇಳ್ತಾವ್ರೆ. ನೀನೇ ಆರತಿ ಎತ್ಬೇಕಂತೆ!"

ನೋಡಿದ್ದಾರೆ. ಆ ಎರಡನೆಯ ರೀಲನ್ನು ನೋಡಿದ್ದಾರೆ, ಇಲ್ಲದಿದ್ದರೆ ಕರೆಯುವುದು ಹೇಗೆ? ಸೆರಗು ಸರಿಮಾಡಿಕೊಂಡು ಎದ್ದಳು. ಸಾಲಿನ ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. ಎಷ್ಟು ದಿನದ ಮೇಲೆ ಆ ದಾರಿ! ಮಹಾಲಕ್ಷ್ಮಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡು, ಅಂಗಡಿಯ ಬತ್ತಿಗಳನ್ನು ಪಕ್ಕಕ್ಕಿಟ್ಟು, ಯಾರೂ ಕರೆಯದಿದ್ದರೂ ಬೆಳಗ್ಗೆಯೇ ಹೊಸೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ತನ್ನ ಬತ್ತಿಗಳನ್ನು ತುಪ್ಪದಲ್ಲಿ ಅದ್ದಿ ಹಚ್ಚಿದಳು. ಹಾಡು ಶುರುಮಾಡಿದಳು. ಸ್ಪೀಕರು ನಿಂತಿತು. ಕೊರಳು ತಾನೇ ತೆರೆದುಕೊಂಡಿತು.

ಎರಡನೆಯ ಸುತ್ತಿಗೆ ತಲೆಯೆತ್ತಿ ನೋಡಿದಳು. ಮಂಟಪದ ಸುತ್ತ ಫೋನುಗಳು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈ ಚಾಚಿ ಹಿಡಿದಿದ್ದರು. ಮುಂದಿನವನೊಬ್ಬ ಕೆನ್ನೆ ಉಬ್ಬಿಸಿ 'ಭುಗ್' ಎಂದು ಕೈಯಲ್ಲಿ ಬೆಂಕಿ ಮಾಡಿ ತೋರಿಸಿದ. "ವಸಿ ಹಿಂದಕ್ ಬರ್ರೋ, ಸುಟ್ಟೋದೀರಾ" ಎಂದ ಇನ್ನೊಬ್ಬ. "ಹಾಲು ಕೊಡ್ರೋ ಆಂಟಿಗೆ!" ಎಂದಿತು ಹಿಂದಿನಿಂದ ಒಂದು ದನಿ. ನಗು ಹರಡಿತು. ಗಂಡಿನ ಅಜ್ಜಿಯೂ ಬೊಚ್ಚುಬಾಯಿ ತೆರೆದು ನಕ್ಕರು. ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು.

ಗಂಗಶ್ರೀ ಬಾಸಿಂಗದ ಕೆಳಗಿಂದ, ತುಟಿ ಕಚ್ಚಿ ನಗು ತಡೆದುಕೊಂಡು ಪಿಸುಗುಟ್ಟಿದಳು. "ಅತ್ತೆ, ವಸಿ ನಕ್ಕೋತಾ ಮಾಡು. ವಿಡಿಯೋ ಬರ್ತಾ ಐತೆ."

ತಟ್ಟೆಯನ್ನು ಆ ಎಲ್ಲ ಮುಖಗಳ ಮೇಲೆ ಬೀಸಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಹಾಡು ನಿಲ್ಲಿಸಲಿಲ್ಲ. ಮೂರನೆಯ ಸುತ್ತು ಮುಗಿಸಿದಳು, ಕೆಂಪು ನೀರು ಬೆರಳಿಗೆ ಮುಟ್ಟಿಸಿ ಹುಡುಗಿಯ ಹಣೆಗಿಟ್ಟಳು, ಹುಡುಗನ ಹಣೆಗಿಟ್ಟಳು. ಕೆರೆಯ ಗಾಳಿ ಬೀಸುತ್ತಲೇ ಇತ್ತು. ಬತ್ತಿಗಳು ಒಂದಿಷ್ಟೂ ಅಲುಗದೆ ಉರಿದವು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಆರತಿ ಎತ್ತಿರಲಿಲ್ಲ.

ಹಾಡಿನ ಕೊನೆಯ ನುಡಿ ಇನ್ನೂ ಬಾಕಿಯಿತ್ತು. ಫೋನುಗಳು ಒಂದೊಂದಾಗಿ ಕೆಳಗಿಳಿದವು.

"ಥೂ, ಏನೂ ಆಗ್ಲಿಲ್ಲ ಕಣೋ" ಎಂದ ಮುಂದಿನವನು. "ಬಾರ್ಲಾ, ಊಟಕ್ಕೆ ಎಲೆ ಹಾಕಿದ್ರು."

ರಂಗಲಕ್ಷ್ಮಮ್ಮ ಉಳಿದ ನುಡಿಯನ್ನು ಹಾಡುತ್ತಾ, ಖಾಲಿಯಾಗುತ್ತಿದ್ದ ಮಂಟಪದ ಮುಂದೆ ತಟ್ಟೆ ಹಿಡಿದು ನಿಂತಿದ್ದಳು. ಆ ಕ್ಷಣಕ್ಕೆ, ಶಿವನೇ, ಅವಳಿಗೂ ಹಾಗೇ ಅನಿಸಿಬಿಟ್ಟಿತು: ಬೆಂಕಿ ಹತ್ತಿಕೊಂಡಿದ್ದರೆ ಚೆನ್ನಾಗಿತ್ತು, ಇವರೆಲ್ಲ ಇನ್ನೊಂದಿಷ್ಟು ಹೊತ್ತು ನಿಂತಿರುತ್ತಿದ್ದರು.